ಸ್ನೂಕರ್ ಮೇಜಿನ ಆರು ತೂತು ಮುಚ್ಚಿಸಿದವರಿಗೆ

ಬೀದರ, ಫೆಬ್ರವರಿ ೧೯೫೮

ಆಟಗಾರರ ಪ್ರೋತ್ಸಾಹಕ್ಕೆಂದೇ ರಾಜಧಾನಿಯಲ್ಲಿ ಆಸೀನರಾಗಿರುವ ಮಾನ್ಯರೇ,

ಬೀದರ, ಭಾಲ್ಕಿ, ಕಮಠಾಣಗಳ ಸಮಸ್ತ ಸ್ನೂಕರ್ ಆಟಗಾರರ, ಅಂದರೆ ನಮ್ಮ ಮೂವರ, ಆದರಪೂರ್ವಕ ನಮಸ್ಕಾರಗಳು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ನಾವು ಹನ್ನೊಂದು ಜನರಿದ್ದೆವು. ಒಂದೂವರೆ ವರ್ಷದೊಳಗೆ ನಮ್ಮ ಭಾರವನ್ನು ಇಷ್ಟು ಇಳಿಸಿದ ತಮ್ಮನ್ನು ಹೊಗಳಲೆಂದು ಭಾಲ್ಕಿಯ ಶಾಲಾ ಮಾಸ್ತರನಾದ ನಾನು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುವವರು ಬೀದರದಲ್ಲಿ ಗಡಿಯಾರ ರಿಪೇರಿ ಮಾಡುವ ಮುನೀರೋದ್ದೀನ ಸಾಹೇಬರು. ಅವರಿಗೆ ಬೆಂಗಳೂರಿನ ಪಂದ್ಯಕ್ಕೆ ಕರೆ ಬಂದಾಗ, ನಿಜಾಮರ ಕಾಲದ ಕ್ಲಬ್ಬಿನ ಮೇಜಿಗೆ ಹೊಸ ಹಸಿರು ಬನಾತು ಬಟ್ಟೆ ಹೊದಿಸಿಕೊಡಿರೆಂದು ತಮ್ಮನ್ನು ಬೇಡಿದೆವು. ತಾವು ಕೃಪೆಯಿಟ್ಟು ಒಬ್ಬ ಇನ್‌ಸ್ಪೆಕ್ಟರರನ್ನು ಕಳಿಸಿದಿರಿ. ಅವರು ಮೇಜನ್ನು ಸುತ್ತಿ ನೋಡಿ, "ಇದೇನ್ರೀ, ಆರು ಕಡೆ ತೂತು ಬಿದ್ದಿದೆಯಲ್ಲ?" ಎಂದು ಮರುಗಿದರು.

"ಅವು ಬೇಕ್ರಿ ಸಾಹೇಬ್ರ, ಚೆಂಡು ಅದರಾಗೇ ಬೀಳಬೇಕ್ರಿ," ಎಂದರು ಮುನೀರೋದ್ದೀನರು.

"ಬೀಳೋದು ಬೇಡ, ಮುಚ್ಚಿಸೋಣ," ಎಂದು ಇನ್‌ಸ್ಪೆಕ್ಟರರು ಬರೆದುಕೊಂಡರು.

ಎಂಟೇ ದಿನಕ್ಕೆ ಕಮಠಾಣದ ಬಡಿಗ ಮಡೆಪ್ಪನವರು ಹಲಗೆ, ಮೊಳೆ ಹಿಡಿದು ಬಂದು, "ಸರಕಾರಿ ಹುಕುಮ್ ಅದರಿ, ನಾ ಏನ್ ಮಾಡ್ಲಿ" ಎನ್ನುತ್ತ ಆರನ್ನೂ ಮುಚ್ಚಿದರು. ತಮ್ಮ ಕಚೇರಿ ಇಷ್ಟು ಬೇಗ ಮುಗಿಸಿದ ಕೆಲಸ ಇನ್ನೊಂದಿಲ್ಲವಂತೆ. ಔರಾದದಿಂದ ಬರುತ್ತಿದ್ದವರೂ ಸೇರಿ ಒಂಬತ್ತು ಜನ ಅಂದೇ ಇಸ್ಪೀಟಿಗೆ ತಿರುಗಿಕೊಂಡರು.

ಮುನೀರೋದ್ದೀನರು ಮಾತ್ರ ಹಲಗೆಗಳ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಅದಕ್ಕೆ ತಗಲಿ ಮರಳಿದ ಚೆಂಡು ಬಿದ್ದಂತೆಯೇ ಎಂದುಕೊಂಡು ಎರಡು ತಿಂಗಳು ಆಡಿದರು. ಬೆಂಗಳೂರಿನಲ್ಲಿ ಮೊದಲ ಚೆಂಡು ನೇರ ತೂತಿಗೆ ಬಿತ್ತು. ಅದು ಮರಳಿ ಬರಲೆಂದು ಅವರು ಕೋಲು ಹಿಡಿದು ಕಾಯುತ್ತ ನಿಂತರು. ನೆರೆದವರೆಲ್ಲ ನಕ್ಕರು, ಅವರೂ ನಕ್ಕರು. ಆಮೇಲೆ ಹೊಡೆದದ್ದೆಲ್ಲ ಗುರಿ ತಪ್ಪಿ ಸೋತರು. ಜೊತೆಗೆ ಹೋಗಿದ್ದ ನಾನೂ ಅವರೂ ರೈಲಿನಲ್ಲಿ ಬೀದರಕ್ಕೆ ಮರಳಿದೆವು. ಇಳಿಯುವಾಗ, "ಇನ್ನ ಸಾಕ್ರಿ ಮಾಸ್ತರ" ಎಂದಷ್ಟೇ ಹೇಳಿ ಕೋಲನ್ನು ನನ್ನ ಕೈಗಿಟ್ಟು ಹೋದರು.

ಈ ಸುದ್ದಿ ಕೇಳಿದ ಮಡೆಪ್ಪನವರು ಮರುದಿನವೇ ಉಳಿ ತಂದು, ಯಾರ ಹುಕುಮೂ ಇಲ್ಲದೆ ಆರೂ ಹಲಗೆ ಕಿತ್ತರು. ಬಳಿಕ ಗಡಿಯಾರದ ಅಂಗಡಿಗೆ ಹೋಗಿ, "ಬರ್ರಿ ಸಾಹೇಬ್ರ, ನನಗೂ ಕಲಿಸ್ರಿ" ಎಂದು ಕೈಹಿಡಿದು ಕರೆತಂದರು. ಮಡೆಪ್ಪನವರು ಹೊಡೆದ ಮೊದಲ ಚೆಂಡು ಮೇಜು ಹಾರಿ ಕಿಟಕಿ ದಾಟಿ ಹೋಯಿತು. "ಕೈ ಸಡ್ಲ ಬಿಡ್ರಿ, ಅದು ಕೊಡಲಿ ಅಲ್ಲ," ಎಂದು ಮುನೀರೋದ್ದೀನರು ಮಡೆಪ್ಪನವರ ಬೆರಳು ತಿದ್ದತೊಡಗಿದರು. ಅಂದು ಸಂಜೆ ಅಂಗಡಿ ತೆರೆಯಲೇ ಇಲ್ಲ.

ಆದ್ದರಿಂದ ಮಾನ್ಯರೇ, ಸರಕಾರಿ ರಿಪೇರಿ ಕೆಡಿಸಿದ ನಮ್ಮನ್ನು ಹಿಡಿಯಲು ತಾವೇ ದಯಮಾಡಿಸಬೇಕು. ರವಿವಾರ ನಾಲ್ಕಕ್ಕೆ ಮೂವರೂ ಒಟ್ಟಿಗೆ ಸಿಗುತ್ತೇವೆ. ಬೇಡಿಗಳ ಜೊತೆ ಬನಾತೂ ಬರಲಿ. ಇನ್‌ಸ್ಪೆಕ್ಟರರನ್ನು ಮಾತ್ರ ಬಾವಿಗಳ ತಪಾಸಣೆಗೆ ಎಂದೂ ಕಳಿಸಬೇಡಿ.

ಬೇಡಿ ಬೀಳುವವರೆಗೂ ಆಡುತ್ತಿರುವ,
ತಮ್ಮ ವಿಶ್ವಾಸಿ,
ಗೋರಖನಾಥ ಮಾಸ್ತರ, ಭಾಲ್ಕಿ

ತಾ.ಕ.: ತೂತು ತೆರೆಸಿರೆಂದು ಬರೆದ ನಮ್ಮ ಹಿಂದಿನ ಮೂರು ಅರ್ಜಿಗಳನ್ನು "ಉರ್ದುವಿನಲ್ಲಿವೆ, ಓದಲಾಗದು" ಎಂದು ಮರಳಿಸಿದ್ದಿರಿ. ಇದು ಕನ್ನಡದಲ್ಲಿದೆ. ಇದಕ್ಕೂ ಉತ್ತರ ಬಾರದಿದ್ದರೆ, ಪಾಪ, ಉರ್ದುವಿನ ತಪ್ಪೇನೂ ಇರಲಿಲ್ಲವೆಂದು ತಿಳಿಯುತ್ತೇವೆ.