ವೇಳೆ ತಪ್ಪದವನೇ ಮೊದಲ ಹೆಣ

ಇಂಗ್ಲಿಷರ ಕೊಲೆ ಕಾದಂಬರಿಗಳನ್ನು ಓದುವ ಚಟ ನನಗಿದೆ ಎಂದು ಹೇಳಿದರೆ ಕೆಲವರು ಈ ವಯಸ್ಸಿನಲ್ಲಿ ಪುರಾಣ ಪ್ರವಚನ ಕೇಳಬಾರದೇ ಎಂಬಂತೆ ನೋಡುತ್ತಾರೆ, ಉಳಿದವರು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ. ನನಗೆ ರಕ್ತದ ಮೇಲೆ ಪ್ರೀತಿಯಿಲ್ಲ. ಸೊಳ್ಳೆ ಹೊಡೆದರೂ ಕೈ ತೊಳೆಯುವವನು ನಾನು. ಆ ಪುಸ್ತಕಗಳಲ್ಲಿ ನನಗೆ ಹಿಡಿಸುವುದು ಶಿಸ್ತು. ಒಬ್ಬ ಮನುಷ್ಯ ಒಂದು ಹೊತ್ತಿಗೆ ಸಾಯುತ್ತಾನೆ, ಆ ಹೊತ್ತಿಗೆ ಯಾರು ಎಲ್ಲಿದ್ದರು ಎಂಬುದನ್ನು ಉಳಿದ ಇಡೀ ಪುಸ್ತಕ ಕೇಳುತ್ತದೆ. ಭಾಂಡುಪ್‌ನ ಒಂದು ಕಾರ್ಖಾನೆಯ ಹಾಜರಿ ನೋಡುವ ಟೈಮ್ ಆಫೀಸಿನಲ್ಲಿ ಕೂತು ನಾನು ಜೀವಮಾನವಿಡೀ ಕೇಳಿದ್ದೂ ಅದನ್ನೇ: "ಸೈರನ್ ಆದಾಗ ನೀ ಎಲ್ಲಿದ್ದಿ?" ಕಾರ್ಖಾನೆ ಹೋಗಿ ಆ ಜಾಗದಲ್ಲಿ ಗಾಜಿನ ಟವರುಗಳು ಎದ್ದಿವೆ, ನನ್ನ ಪ್ರಶ್ನೆ ಮಾತ್ರ ಉಳಿದಿದೆ. ಬಿಲ್ಡಿಂಗಿನಲ್ಲಿ ಈಗಲೂ ನನ್ನನ್ನು ಟೈಮ್ ಸಾಹೇಬರು ಎಂದೇ ಕರೆಯುತ್ತಾರೆ.

ಹಾಗೆಂದು ಆ ಕಾದಂಬರಿಗಳ ಬಗ್ಗೆ ನನಗೆ ತಕರಾರಿಲ್ಲವೆಂದಲ್ಲ. ಅಲ್ಲಿ ಯಾರೂ ಅಳುವುದಿಲ್ಲ. ಓದುವ ಕೋಣೆಯ ಜಮಖಾನೆಯ ಮೇಲೆ ಮಾವನವರು ಸತ್ತು ಬಿದ್ದಿದ್ದರೂ ಸೊಸೆ ಬಂದು, ಊಟಕ್ಕೆ ಒಬ್ಬರು ಕಡಿಮೆ ಎಂದು ಅಡುಗೆಯವಳಿಗೆ ಹೇಳಿ ಹೋಗುತ್ತಾಳೆ. ನಮ್ಮ ಬಿಲ್ಡಿಂಗಿನಲ್ಲಿ ಒಬ್ಬರಿಗೆ ಕೆಮ್ಮು ಬಂದರೆ ಸಾಕು, ಕೆಳಗಿನ ಮನೆಯವರು ಕಷಾಯ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ಇಲ್ಲಿ ಗುಟ್ಟಾಗಿ ಸೀನುವುದೇ ಕಷ್ಟ, ಇನ್ನು ಗುಟ್ಟಾಗಿ ಸಾಯುವುದೆಲ್ಲಿಂದ ಬಂತು? ಆಯುಧಗಳದೂ ಅದೇ ಕತೆ. ಅವರಿಗೆ ಬೆಂಕಿಗೂಡು ಇದೆ, ಅದರ ಪಕ್ಕದಲ್ಲಿ ಕೆಂಡ ಕೆದಕುವ ಕಬ್ಬಿಣದ ಸಲಾಕೆ ಇದೆ. ನಮ್ಮ ಫ್ಲ್ಯಾಟಿನಲ್ಲಿ ಪ್ರೆಶರ್ ಕುಕ್ಕರ್ ಎತ್ತಿಕೊಂಡು ಹಿಂದಿನಿಂದ ಬರಬೇಕೆಂದರೆ ಮೊದಲು ದಾರಿಗೆ ಅಡ್ಡವಿರುವ ವಾಷಿಂಗ್ ಮಷೀನು ಸರಿಸಬೇಕು. ಇನ್ನು ಆ ಹಳ್ಳಿಗಳು. ನಾಲ್ಕು ಮನೆ, ಒಂದು ಚರ್ಚು, ವರ್ಷವಿಡೀ ಕೊಲೆ, ಆದರೂ ಒಬ್ಬರೂ ಊರು ಬಿಡುವುದಿಲ್ಲ. ಸಂಜೆಯ ಲೋಕಲ್ ರೈಲ್‌ನಲ್ಲಿ ದಾದರದಿಂದ ಭಾಂಡುಪ್‌ವರೆಗೆ ನಿಂತು ಬನ್ನಿ: ಒಬ್ಬನ ಮೊಣಕೈ ನಿಮ್ಮ ಪಕ್ಕೆಯಲ್ಲಿ, ಇನ್ನೊಬ್ಬನ ಕೊಡೆ ನಿಮ್ಮ ಕಣ್ಣಿನ ಹತ್ತಿರ. ಡಬ್ಬಿಯ ಪ್ರತಿಯೊಬ್ಬನಿಗೂ ಕಾರಣವಿದೆ, ಅವಕಾಶವಿದೆ, ಕೈಯಲ್ಲಿ ಹತಾರವೂ ಇದೆ. ಆದರೂ ಎಲ್ಲರೂ ಇಳಿದು ಮನೆಗೆ ಹೋಗಿ ಚಹಾ ಕುಡಿಯುತ್ತಾರೆ. ಈಚಿನ ಕಾದಂಬರಿಗಳ ಪತ್ತೇದಾರರಂತೂ ನನ್ನ ಮನಸ್ಸಿಗೆ ಬರುವುದಿಲ್ಲ. ಕುಡಿಯುತ್ತಾರೆ, ಮನೆಗೆ ಹೋಗುವುದಿಲ್ಲ, ಅಂಗಿ ಬದಲಿಸುವುದಿಲ್ಲ. ಅಂಥವರನ್ನು ನಾನು ಕಾರ್ಖಾನೆಯ ಗೇಟಿನೊಳಗೇ ಬಿಡುತ್ತಿರಲಿಲ್ಲ.

ಆದರೆ ಒಂದು ವಿಷಯದಲ್ಲಿ ಹಳೆಯ ಪುಸ್ತಕವೂ ಹೊಸ ಪುಸ್ತಕವೂ ಒಂದೇ. ಮೊದಲು ಸಾಯುವವನು ವೇಳೆ ತಪ್ಪದ ಮನುಷ್ಯ. ಸೋಮಾರಿ, ಕುಡುಕ, ತಡವಾಗಿ ಬರುವವನು ಇವರೆಲ್ಲ ಕೊನೆಯ ಪುಟದವರೆಗೆ ಸುಖವಾಗಿ ಬದುಕುತ್ತಾರೆ. ದಿನವೂ ಒಂದೇ ಹೊತ್ತಿಗೆ ತೋಟದಲ್ಲಿ ಅಡ್ಡಾಡುವ ನಿವೃತ್ತ ಅಧಿಕಾರಿ ಎರಡನೆಯ ಅಧ್ಯಾಯ ದಾಟುವುದಿಲ್ಲ. ಕೊಲೆಗಾರನಿಗೆ ಕಾಯುವ ತೊಂದರೆಯೇ ಇಲ್ಲ ನೋಡಿ. ಇಂಥ ಹೆಣಗಳನ್ನು ನಾನು ನಮ್ಮವರೆಂಬ ಅಭಿಮಾನದಿಂದಲೇ ನೋಡುತ್ತ ಬಂದಿದ್ದೆ. ಅದರಲ್ಲಿ ಹೆದರಬೇಕಾದ ಮಾತು ಇದೆ ಎಂಬುದು ನನಗೆ ಹೊಳೆದದ್ದು ಮೊನ್ನೆ ಮೊನ್ನೆ.

ನನ್ನ ದಿನಚರಿ ಸರಳ. ಮಧ್ಯಾಹ್ನ ಊಟವಾದ ಮೇಲೆ ಒಂದು ಅಧ್ಯಾಯ, ಅದಕ್ಕಿಂತ ಒಂದು ಪುಟವೂ ಹೆಚ್ಚಿಲ್ಲ. ಕೊನೆಯ ಪುಟವನ್ನು ಮೊದಲೇ ಇಣುಕಿ ನೋಡುವುದು ನನ್ನ ದೃಷ್ಟಿಯಲ್ಲಿ ಕಳ್ಳತನ. ಸಂಜೆ ಆರಕ್ಕೆ ಕೆಳಗಿಳಿದು ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂಡುತ್ತೇನೆ, ಏಳಕ್ಕೆ ಲಿಫ್ಟು ಹತ್ತುತ್ತೇನೆ. ಆ ಒಂದು ತಾಸು ಬೆಂಚಿಗೆ ಬಂದವರಿಗೆ ನಾನು ಓದಿ ಮುಗಿಸಿದ ಕಾದಂಬರಿಯ ಕತೆ ಹೇಳುತ್ತೇನೆ. ನಮ್ಮ ಬಿಲ್ಡಿಂಗಿನಲ್ಲಿ ಇಂಥವನ್ನು ಓದುವವನು ನಾನೊಬ್ಬನೇ. ನನಗೆ ಎಷ್ಟೋ ದಿನ ಹಿಡಿದದ್ದು ಅವರಿಗೆ ಅರ್ಧ ತಾಸಿನಲ್ಲಿ, ಕೊಲೆಗಾರನ ಹೆಸರಿನ ಸಮೇತ, ಪುಕ್ಕಟೆ ಸಿಗಲಿ ಎಂಬ ಉದ್ದೇಶ. ಬೆಂಚಿನಲ್ಲಿ ಯಾರೂ ಸಿಗದಿದ್ದರೆ ಲಿಫ್ಟಿನಲ್ಲಿ ಸಿಗುತ್ತಾರೆ. ಅಲ್ಲಿಯೂ ಸಿಗದಿದ್ದರೆ ಮನೆಯಲ್ಲಿ ನನ್ನ ಹೆಂಡತಿ ಸುಮಿತ್ರಾ ಇದ್ದಾಳೆ. ಅವಳದು ಒಂದೇ ಷರತ್ತು. "ಕೊಂದಾವನ ಹೆಸರು ಮೊದಲ ಹೇಳಿಬಿಡ್ರಿ. ಆಮ್ಯಾಲೆ ನಂಗ ನಿದ್ದಿ ಬಂದರೂ ನಡೀತದ."

ಈಚೆಗೆ ಐದನೆಯ ಮಾಳಿಗೆಗೆ ಪಾಟೀಲರು ಎಂಬ ವಿಜಯಪುರದವರು ಬಾಡಿಗೆಗೆ ಬಂದರು. ಯಾವುದೋ ಸಾರಿಗೆ ಕಂಪನಿಯಲ್ಲಿ ನೌಕರಿ, ನಮ್ಮ ಮಗನ ವಯಸ್ಸು. ಬಂದ ವಾರದಲ್ಲೇ ಲಿಫ್ಟಿನಲ್ಲಿ ಸಿಕ್ಕರು. ನಮ್ಮದು ಕಬ್ಬಿಣದ ಜಾಳಿಗೆ ಬಾಗಿಲಿನ ಹಳೆಯ ಲಿಫ್ಟು. ಮೇಲೇರುವುದು ಒಳ್ಳೆಯ ಅಭ್ಯಾಸವಲ್ಲವೆಂದು ನಂಬಿದಂತೆ ಏರುತ್ತದೆ. ಹೊಸಬರನ್ನು ಸ್ವಾಗತಿಸಬೇಕಲ್ಲ, ಅಂದು ಮಧ್ಯಾಹ್ನವಷ್ಟೇ ಮುಗಿಸಿದ್ದ ಕಾದಂಬರಿಯ ಕತೆಯನ್ನು ಐದನೆಯ ಮಾಳಿಗೆ ಬರುವಷ್ಟರಲ್ಲಿ ಪೂರ್ತಿ ಹೇಳಿದೆ. ಅವರು ಆಫೀಸಿನ ಚೀಲವನ್ನು ಎದೆಗೆ ಅವಚಿಕೊಂಡು, ಮುಖ ಬಿಳುಪೇರಿ ಇಳಿದು ಹೋದರು. ಸೂಕ್ಷ್ಮ ಮನಸ್ಸಿನ ಹುಡುಗ, ಕತೆ ತಟ್ಟಿದೆ ಎಂದುಕೊಂಡೆ.

ಆಮೇಲೆ ಒಂದು ದಿನ ಬೆಳಿಗ್ಗೆ ನಾನು ಮೀಟರ್ ರೂಮಿನಲ್ಲಿ ನಮ್ಮ ಮನೆಯ ವಿದ್ಯುತ್ ಮೀಟರು ನೋಡುತ್ತಿದ್ದೆ. ಹೊರಗೆ ಮಾತು ಕೇಳಿಸಿತು. ಒಂದು ದನಿ ಪಾಟೀಲರದು, ಇನ್ನೊಂದು ನಮ್ಮ ವಾಚ್‌ಮನ್ ಯಲ್ಲಪ್ಪನದು.

"ಟೈಮ್ ಸಾಹೇಬ್ರು ಕೆಳಗ ಎಷ್ಟಕ್ಕ ಇಳೀತಾರ?"

"ಆರಕ್ಕರಿ. ಅವರು ಇಳಿದ್ರಂದ್ರ ನಾ ಗಡಿಯಾರ ನೋಡೂದಿಲ್ಲ."

"ಮ್ಯಾಲ?"

"ಏಳಕ್ಕ. ಲಿಫ್ಟಿನ್ಯಾಗ."

"ಒಬ್ರ ಇರ್ತಾರೇನು?"

"ಹೆಚ್ಚು ಕಡಿಮಿ ಒಬ್ರರಿ."

"ಮೆಟ್ಟಲಾ ಹತ್ತೂದಿಲ್ಲಲ್ಲ?"

"ಇಲ್ರಿ, ಮಣಕಾಲ ನೋವು."

"ನಾ ಕೇಳಿದ್ದು ಅವರಿಗೆ ಹೇಳಬ್ಯಾಡ ಮತ್ತ," ಎಂದರು ಪಾಟೀಲರು.

ಮೀಟರಿನ ಚಕ್ರ ತಿರುಗುತ್ತಲೇ ಇತ್ತು, ನನಗೆ ಅಂಕಿ ಕಾಣಿಸಲಿಲ್ಲ. ಇಷ್ಟು ವರ್ಷದ ಓದಿನಲ್ಲಿ ಈ ಸಂಭಾಷಣೆ ನನಗೆ ಎಷ್ಟು ಸಲ ಎದುರಾಗಿತ್ತೋ. ಹೊತ್ತು, ದಾರಿ, ಒಬ್ಬನೇ ಇರುವುದು, ದೇಹದ ದೌರ್ಬಲ್ಯ, ಕೊನೆಗೆ ಗುಟ್ಟು ಕಾಯುವ ಮಾತು. ಇದರ ಮುಂದಿನ ಅಧ್ಯಾಯದಲ್ಲಿ ಏನಾಗುತ್ತದೆಂದು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ.

ಸುಮಿತ್ರಾಗೆ ಹೇಳಿದೆ. ಅವಳು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು, ತಲೆ ಎತ್ತಲಿಲ್ಲ. "ನಿಮ್ಮನ್ನ ಕೊಂದು ಯಾರು ಏನು ಮಾಡ್ಕೋತಾರ್ರಿ?" ಎಂದಳು. ಇದು ಸಮಾಧಾನದ ಮಾತೋ ಅವಮಾನದ ಮಾತೋ ತಿಳಿಯಲಿಲ್ಲ. ಅಲ್ಲದೆ ಆ ಕಾದಂಬರಿಗಳಲ್ಲಿ ಇಷ್ಟು ಶಾಂತವಾಗಿರುವ ಹೆಂಡತಿಯರ ಬಗ್ಗೆ ನನ್ನ ಅನುಭವ ಒಳ್ಳೆಯದಲ್ಲ. ಆ ಸಂಜೆ ಅವಳು ಚಹಾ ಕೊಟ್ಟಾಗ, ಅವಳು ತನ್ನ ಕಪ್ಪಿನಿಂದ ಗುಟುಕರಿಸುವವರೆಗೆ ನಾನು ಕಾದೆ. "ಯಾಕ, ಸಕ್ಕರಿ ಕಡಿಮಿ ಆಗೇದೇನು?" ಎಂದು ಕೇಳಿದಳು. ಆಮೇಲೆ ನಾನೂ ಕುಡಿದೆ. ಸಕ್ಕರೆ ನಿಜಕ್ಕೂ ಕಡಿಮೆಯಾಗಿತ್ತು.

ಬದುಕಬೇಕಾದರೆ ದಿನಚರಿ ಕೆಡಿಸಬೇಕು. ನನಗೆ ಇದಕ್ಕಿಂತ ಕಠಿಣ ಶಿಕ್ಷೆ ಇನ್ನೊಂದಿಲ್ಲ. ಮರುದಿನ ಆರು ಗಂಟೆಗೆ ಇನ್ನೂ ಸಾಕಷ್ಟು ಹೊತ್ತಿರುವಾಗಲೇ, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದೆ. ಪ್ರತಿ ತಿರುವಿನಲ್ಲೂ ನಿಂತು ಕಿವಿಗೊಟ್ಟೆ. ಕೆಳಗೆ ಬಂದು ನೋಡಿದರೆ ನನ್ನ ಬೆಂಚಿನ ತುಂಬ ಜನ. ನಾನು ಕೂಡುವ ಹೊತ್ತಿನಲ್ಲಿ ಒಬ್ಬರೋ ಇಬ್ಬರೋ ಇರುವ ಬೆಂಚು ಅದು. ಇಂದು ಜಾಗ ಸಾಲದೆ ಕೆಲವರು ನಿಂತಿದ್ದರು, ನಗು ಗೇಟಿನಾಚೆಗೂ ಕೇಳುತ್ತಿತ್ತು. ನಡುವೆ ನಮ್ಮ ಸೊಸೈಟಿಯ ಸೆಕ್ರೆಟರಿ ಶೆಟ್ಟರು, ಅವರ ಪಕ್ಕದಲ್ಲಿ, ರಜೆಯೋ ಏನೋ, ಪಾಟೀಲರು. ನನ್ನನ್ನು ಕಂಡದ್ದೇ ನಗು ನಿಂತಿತು. ಒಬ್ಬರು ಗಡಿಯಾರ ನೋಡಿಕೊಂಡರು. "ಎಂತ ಸರ್, ಇವತ್ತು ಬೇಗ?" ಎಂದರು ಶೆಟ್ಟರು. ಅವರ ದನಿಯಲ್ಲಿ ಸಿಕ್ಕಿಬಿದ್ದವರ ಬಿಗಿ ಇತ್ತು. ನಾನು ಕೂಡುವಷ್ಟರಲ್ಲಿ ಒಬ್ಬರಿಗೆ ಹಾಲು ತರುವುದು ನೆನಪಾಯಿತು, ಇನ್ನೊಬ್ಬರಿಗೆ ಫೋನ್ ಬಂತು, ಫೋನಿನ ಗಂಟೆ ಮಾತ್ರ ನನಗೆ ಕೇಳಿಸಲಿಲ್ಲ. ಪಾಟೀಲರು ಹೇಳದೆಯೇ ಎದ್ದು ಹೋದರು. ಖಾಲಿ ಬೆಂಚಿನ ಮೇಲೆ ನಾನೊಬ್ಬನೇ ಉಳಿದೆ. ಕಲ್ಲು ಇನ್ನೂ ಬೆಚ್ಚಗಿತ್ತು. ಹಾಗಾದರೆ ಇದು ಒಬ್ಬನ ಕೆಲಸವಲ್ಲ ಎನ್ನಿಸಿತು.

ಹೀಗೆ ಕೆಲವು ದಿನ ಕಳೆದವು. ಒಂದು ದಿನ ಬೇಗ, ಒಂದು ದಿನ ತಡ. ಮಧ್ಯಾಹ್ನದ ಅಧ್ಯಾಯ ಮಧ್ಯಾಹ್ನ ಮುಗಿಯದೆ ಪುಸ್ತಕ ಬಗಲಲ್ಲೇ ಉಳಿಯತೊಡಗಿತು. ಆಗ ಓದುತ್ತಿದ್ದದ್ದು ಹಸಿರು ರಟ್ಟಿನ ದಪ್ಪ ಕಾದಂಬರಿ. ನಾನಿನ್ನೂ ಅದರ ನಡುಮಧ್ಯದಲ್ಲಿದ್ದೆ, ಎಲ್ಲರ ಮೇಲೂ ಗುಮಾನಿ ಇರುವ ಜಾಗದಲ್ಲಿ. ಕೊನೆಗೆ ನನ್ನ ಮೊಣಕಾಲು ಮೆಟ್ಟಿಲಿಗೆ ಒಲ್ಲೆನೆಂದಿತು. ಏಳು ದಾಟಿ ಬಹಳ ಹೊತ್ತಾದ ಮೇಲೆ, ಸುತ್ತ ಯಾರೂ ಇಲ್ಲವೆಂದು ನೋಡಿ ಲಿಫ್ಟಿನೊಳಗೆ ಹೊಕ್ಕೆ. ಜಾಳಿಗೆ ಎಳೆಯುವಷ್ಟರಲ್ಲಿ ಒಂದು ಕೈ ಅದನ್ನು ತಡೆಯಿತು. ಪಾಟೀಲರು. ಹೆಗಲಲ್ಲಿ ಆಫೀಸಿನ ಚೀಲ, ಇನ್ನೊಂದು ಕೈಯಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿದ ಉದ್ದನೆಯ ಕಬ್ಬಿಣದ ಸಲಾಕೆ. ಒಳಗೆ ಕಾಲಿಟ್ಟ ಮೇಲೆ ನನ್ನ ಮುಖ ನೋಡಿದರು.

"ಸಾಹೇಬ್ರ, ನೀವಾ?" ಎಂದರು. "ಏಳು ಹೊಡದು ಯಾವಾಗೋ ಹೋತಲ್ರಿ."

ಅವರ ಹಣೆಯಲ್ಲಿ ಬೆವರು ಕಂಡಿತು. ನನ್ನ ಹಣೆಯದನ್ನು ನಾನು ನೋಡಲಾರೆ. ಲಿಫ್ಟು ಏರಿತು. ಮೂರನೆಯ ಮಾಳಿಗೆ ದಾಟುತ್ತಲೇ ಕರೆಂಟ್ ಹೋಯಿತು. ಲಿಫ್ಟು ಎರಡು ಮಾಳಿಗೆಗಳ ನಡುವೆ ನಿಂತಿತು. ಎದುರಿಗೆ ಸುಣ್ಣ ಕಾಣದ ಗೋಡೆ, ಮೇಲಿನ ಸಂದಿಯಿಂದ ಯಾರದೋ ಎಮರ್ಜೆನ್ಸಿ ದೀಪದ ಚೂರು ಬೆಳಕು. ಸಲಾಕೆ ಅವರ ಕೈಯಿಂದ ಕೈಗೆ ಬದಲಾದ ಸದ್ದು ಕೇಳಿಸಿತು. ಇಂಥ ಹೊತ್ತಿನಲ್ಲಿ ಕೂಗಿಕೊಂಡವರು ಉಳಿದದ್ದನ್ನು ನಾನು ಓದಿಲ್ಲ. ಕೊಲೆಗಾರನನ್ನು ಮಾತಿನಲ್ಲಿ ಹಿಡಿದಿಟ್ಟವರು ಉಳಿದಿದ್ದಾರೆ. ನನಗೆ ಬರುವ ಮಾತು ಒಂದೇ. ಗಂಟಲು ಸರಿಮಾಡಿಕೊಂಡು, ಹೋದ ವಾರ ಮುಗಿಸಿದ್ದ ಕಾದಂಬರಿಯನ್ನು ಶುರುಮಾಡಿದೆ.

"ಸಮುದ್ರದ ದಂಡೆಗೆ ಒಂದು ಹೋಟೆಲು," ಎಂದೆ. "ಅಲ್ಲಿ ಒಬ್ಬಳು ಮುದುಕಿ..."

"ಬ್ಯಾಡ್ರಿ," ಎಂದರು ಪಾಟೀಲರು.

"ಅವಳಿಗೆ ಮೂವರು ಅಳಿಯಂದಿರು..."

"ಸಾಹೇಬ್ರ, ಕೈ ಮುಗೀತೇನ್ರಿ, ಬ್ಯಾಡ. ಅದನ್ನ ನಾ ನಿನ್ನೀನ ತಂದೇನಿ. ಇನ್ನ ಮುದುಕಿ ಸತ್ತಿಲ್ಲ."

ಸಲಾಕೆಯನ್ನು ಗೋಡೆಗೆ ಒರಗಿಸಿ, ಚೀಲದಿಂದ ಪುಸ್ತಕ ತೆಗೆದು ಆ ಅರೆಬೆಳಕಿನಲ್ಲಿ ನನ್ನ ಮುಂದೆ ಹಿಡಿದರು. ಅದೇ ಹೋಟೆಲು, ಅದೇ ಸಮುದ್ರ. ನನ್ನ ಕತೆ ಅಲ್ಲಿಗೇ ನಿಂತಿತು. ಅವರದು ಶುರುವಾಯಿತು.

"ನೀವು ಮೊದಲನೇ ಸಲ ಸಿಕ್ಕಾಗೂ ಹಿಂಗ ಆತ್ರಿ. ನಾ ಟ್ರೇನಿನ್ಯಾಗ ನಿಂತು ಓದಾವ. ಒಂದು ಕೈಯಾಗ ಹ್ಯಾಂಡಲ್, ಒಂದು ಕೈಯಾಗ ಪುಸ್ತಕ. ಆಫೀಸಿನ್ಯಾಗ ಸಾಹೇಬ ಒದರ್ತಾನ, ಮನ್ಯಾಗ ಸಣ್ಣ ಕೂಸು ಒದರ್ತೈತಿ, ಇಡೀ ದಿನದಾಗ ನಂದು ಅಂತ ಇರೂದು ಅದೊಂದು ತಾಸು. ಅವತ್ತ ಒಂದ ಚಾಪ್ಟರ್ ಉಳಿಸ್ಕೊಂಡು ಬಂದಿದ್ದೆ, ಕೂಸು ಮಲಗಿದ ಮ್ಯಾಲೆ ಓದೂನು ಅಂತ. ಲಿಫ್ಟಿನ್ಯಾಗ ನೀವು ಎರಡನೇ ಮಾಳಿಗಿ ಬರೂದ್ರಾಗ, ಕೊಂದಾಕಿ ಸಣ್ಣ ಅತ್ತಿಗಿ ಅಂದುಬಿಟ್ರಿ."

ಚೀಲವನ್ನು ಯಾಕೆ ಎದೆಗೆ ಅವಚಿಕೊಂಡಿದ್ದರೆಂದು ಈಗ ತಿಳಿಯಿತು. ಪುಸ್ತಕ ಅದರೊಳಗಿತ್ತು.

"ಅದಕ್ಕ ನಿಮಗ ಸಿಗಬಾರ್ದಂತ ಯಲ್ಲಪ್ಪನ್ನ ನಿಮ್ಮ ಟೈಮ್ ಕೇಳಿದ್ನಿ," ಎಂದರು. "ತಪ್ಪು ತಿಳೀಬ್ಯಾಡ್ರಿ."

"ಬೆಂಚಿನ ಮ್ಯಾಲ ಇದ್ದವರೂ ಇವನ್ನ ಓದ್ತಾರೇನು?" ಎಂದು ಕೇಳಿದೆ. ನನ್ನ ದನಿಯಲ್ಲಿ ಸ್ವಲ್ಪ ಆಸೆಯಿತ್ತು.

ಪಾಟೀಲರು ಸುಳ್ಳು ಹೇಳಬಹುದಿತ್ತು. "ಇಲ್ರಿ," ಎಂದರು. "ಅವರು ಸುಮ್ನ ಆರಕ್ಕ ಬೆಂಚು ಬಿಟ್ಟು ಏಳ್ತಾರ."

ಕರೆಂಟ್ ಬರುವವರೆಗೆ ಇಬ್ಬರೂ ಎದುರಿನ ಗೋಡೆ ನೋಡುತ್ತ ನಿಂತೆವು. ಆ ಸಲಾಕೆ ಏನು ಎಂದು ಕೇಳಿದೆ. ಕಿಟಕಿಗೆ ಪರದೆ ಹಾಕುವ ರಾಡು ಎಂದರು. ಇಷ್ಟು ಪುಸ್ತಕ ಓದಿಯೂ, ಗುಮಾನಿಗೆ ಸಿಕ್ಕವರ ಸಾಲಿನಲ್ಲಿ ಸ್ವಂತ ಹೆಂಡತಿಯನ್ನು ನಿಲ್ಲಿಸಿದ ನಾನು, ನನ್ನನ್ನು ಮಾತ್ರ ನಿಲ್ಲಿಸಿಕೊಂಡಿರಲಿಲ್ಲ. ನೂರಾರು ಕೊಲೆಗಾರರನ್ನು ಹಿಡಿದುಕೊಟ್ಟವನೆಂದು ಬೀಗುತ್ತಿದ್ದೆ, ನನ್ನನ್ನು ಬಿಟ್ಟರೆ ಈ ಬಿಲ್ಡಿಂಗಿನ ಒಬ್ಬನೇ ಓದುಗನ ಒಂದು ತಾಸನ್ನು ಕೊಂದದ್ದು ಲೆಕ್ಕಕ್ಕೇ ಬಂದಿರಲಿಲ್ಲ. ಇನ್ನು ಮುಂದೆ ಹೇಳುವುದಿಲ್ಲ ಎಂದೆ. ಮನಸ್ಸಿನಿಂದಲೇ ಹೇಳಿದೆ.

ಐದನೆಯ ಮಾಳಿಗೆ ಬಂತು. ಪಾಟೀಲರು ಹಗುರಾದವರಂತೆ ಇಳಿದರು, ಜಾಳಿಗೆ ಎಳೆದರು, ಆಗ ಅವರ ಕಣ್ಣು ನನ್ನ ಬಗಲಿನ ಹಸಿರು ರಟ್ಟಿನ ಮೇಲೆ ಬಿತ್ತು.

"ಅರೆ, ಇದನ್ನ ಓದಾಕತ್ತೀರೇನ್ರಿ? ನಾ ಹೋದ ತಿಂಗಳ ಮುಗಿಸೇನಿ. ಭಾಳ ಛಲೋ ಐತಿ. ಕಡೀಕ ಏನಾಗ್ತೈತಿ ಅಂದ್ರ..."

ನಾನು ಗುಂಡಿ ಒತ್ತಿದೆ. ಒತ್ತಿದ ಬೆರಳನ್ನು ತೆಗೆಯಲಿಲ್ಲ. ಲಿಫ್ಟು ತನ್ನ ಸ್ವಭಾವಕ್ಕೆ ತಕ್ಕಂತೆ ಯೋಚಿಸಿ ಯೋಚಿಸಿ ಮೇಲೆದ್ದಿತು. ಜಾಳಿಗೆಯಾಚೆ ಮೊದಲು ಅವರ ಬೂಟು, ಆಮೇಲೆ ರಾಡು, ಕೊನೆಗೆ ನಗುಮುಖ ಕೆಳಗೆ ಸರಿದವು. ಕಿವಿ ಮುಚ್ಚಿಕೊಳ್ಳಲು ಉಳಿದ ಒಂದು ಕೈ ಸಾಲಲಿಲ್ಲ.

ಮರುದಿನ ಬೆಳಿಗ್ಗೆ ಹಾಲು ತರುವ ನೆಪದಲ್ಲಿ ಕೆಳಗಿಳಿದು, ಮೀಟರ್ ರೂಮಿನಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಯಲ್ಲಪ್ಪನನ್ನು ಪಕ್ಕಕ್ಕೆ ಕರೆದೆ.

"ಪಾಟೀಲರು ಸಂಜೀಕ ಎಷ್ಟಕ್ಕ ಬರ್ತಾರ? ಲಿಫ್ಟಿನ್ಯಾಗೋ, ಮೆಟ್ಟಲಾನೋ?"

"ಅವರದು ಟೈಮ್ ಇರಲಿಲ್ರಿ ಸಾಹೇಬ್ರ," ಎಂದ ಯಲ್ಲಪ್ಪ. "ಆದ್ರ ಇನ್ನ ಮ್ಯಾಲೆ ರಜಾ ಇದ್ದಾಗೆಲ್ಲ ಆರಕ್ಕ ಕೆಳಗ ಇಳೀತೇನಿ, ಕತಿ ಹೇಳೂದೈತಿ, ಬೆಂಚಿನ ಮ್ಯಾಲ ನಿಮ್ಮ ಬಾಜೂ ಜಾಗಾ ಹಿಡಿ ಅಂತ ಹೇಳಿ ಹೋಗ್ಯಾರ."