ಚಿಕ್ಕಪ್ಪನ ಬೋಂಡ ಗೇಮು

ನಮ್ಮ ಚಿಕ್ಕಪ್ಪ ಬಡವನಹಳ್ಳಿ ಸಂತೆಯಲ್ಲಿ ಬೋಂಡ ಮಾರುತ್ತಿದ್ದ ಅಂದರೆ ಅವನಿಗೆ ಅವಮಾನ ಮಾಡಿದ ಹಾಗೆ. ಅವನು ಮಾಡುತ್ತಿದ್ದದ್ದು ಯುದ್ಧ! ಬೋಂಡ ಅದರ ನಡುವೆ ತಾನಾಗಿ ಬೇಯುತ್ತಿತ್ತು, ಎಷ್ಟೋ ಸಲ ಸೀಯುತ್ತಿತ್ತು.

ಶತ್ರು ಒಬ್ಬನೇ, ಸಂತೆಯ ಇನ್ನೊಂದು ತುದಿಯಲ್ಲಿ ಬೋಂಡ ಕರಿಯುವವನು. ಚಿಕ್ಕಪ್ಪ ಅವನ ಹೆಸರೆತ್ತಿದ್ದನ್ನು ನಾನು ಕೇಳಿಲ್ಲ. ‘ಎದುರಿನೋನು’ ಅಷ್ಟೇ. ಇಬ್ಬರಿಗೂ ಮಾತಿರಲಿಲ್ಲ. ಯಾಕೆ ಮಾತು ಬಿಟ್ಟರು ಅನ್ನುವುದು ಇಬ್ಬರಿಗೂ ಮರೆತುಹೋಗಿತ್ತು!

ಎಪ್ಪತ್ತರ ದಶಕದ ಕೊನೆ. ನಾನು ಮಧುಗಿರಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ವ್ಯಾಪಾರದ ಪೈಪೋಟಿಯೂ ಒಂದು ಆಟವೇ, ಎದುರಾಳಿ ಏನು ಮಾಡುತ್ತಾನೆಂದು ಊಹಿಸಿ ನಮ್ಮ ಕಾಯಿ ನಡೆಸಬೇಕು, ಇದಕ್ಕೆ ಗೇಮ್ ಥಿಯರಿ ಅನ್ನುತ್ತಾರೆ ಎಂದು ಮೇಷ್ಟ್ರು ಪಾಠ ಮಾಡಿದರು. ಮನೆಗೆ ಬಂದು ಅದನ್ನೇ ಚಿಕ್ಕಪ್ಪನಿಗೆ ಹೇಳಿದೆ. ಮೊದಲೇ ಕೋತಿ, ಮೇಲೆ ಹೆಂಡ ಕುಡಿಸಿದಂತಾಯಿತು!

ಮೊದಲ ಪ್ರಯೋಗ ಚಿಕ್ಕಮ್ಮನ ಮೇಲೆ. “ನಂಗೆ ಅವರೆಕಾಳು ಸಾರು ಬೇಕು. ಬೇಕು ಅಂದ್ರೆ ಇವಳು ಮಾಡಾಕಿಲ್ಲ. ಅದ್ಕೇ ಉಪ್ಪುಸಾರು ಮಾಡು ಅಂತೀನಿ, ನೋಡ್ತಾ ಇರು” ಅಂತ ನನ್ನ ಕಿವಿಯಲ್ಲಿ ಹೇಳಿ, ಒಳಗೆ ಕೂಗಿದ. ಊಟಕ್ಕೆ ಕೂತರೆ ಮುದ್ದೆ, ಉಪ್ಪುಸಾರು! ಚಿಕ್ಕಪ್ಪನ ಮುಖ ನೋಡಬೇಕಿತ್ತು. “ಇವಳಿಗೆ ಗೇಮು ಆಡಾಕೇ ಬರಾಕಿಲ್ಲ ಕಣ್ಲಾ, ಕೇಳಿದ್ದನ್ನೇ ಮಾಡ್ಬುಡ್ತಾಳೆ!” ಅಂತ ಗೊಣಗಿದ.

ಇನ್ನು ಸಂತೆ. ಒಂದು ತುದಿಗೆ ಬಸ್ ಸ್ಟಾಪು, ಅಲ್ಲಿ ಎದುರಿನೋನು. ಇನ್ನೊಂದು ತುದಿಗೆ ಹುಣಸೆಮರ, ಅಲ್ಲಿ ಚಿಕ್ಕಪ್ಪ. ಅರ್ಧ ಸಂತೆ ಅವನಿಗೆ, ಅರ್ಧ ಇವನಿಗೆ, ಸುಖವಾಗಿತ್ತು. ಸುಖ ಯಾರಿಗೆ ಬೇಕು? “ನಾನು ಒಸಿ ಮುಂದಕ್ಕೆ ಹೋದ್ರೆ ಹಿಂದಿನ ಗಿರಾಕಿ ಎಲ್ಲೂ ಹೋಗಲ್ಲ, ಮುಂದಿನೋರೂ ಸಿಕ್ತಾರೆ” ಅಂತ ಚಿಕ್ಕಪ್ಪ ಒಲೆಯನ್ನು ಮುಂದಕ್ಕೆ ತಂದ. ಮುಂದಿನ ಸಂತೆಗೆ ಎದುರಿನೋನೂ ಇತ್ತ ಸರಿದ. ಇವನು ಮತ್ತೆ ಸರಿದ, ಅವನೂ ಸರಿದ. ಕೊನೆಗೆ ನಟ್ಟನಡುವೆ ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಕೂತರು! ಇವನ ಹೊಗೆ ಅವನ ಕಣ್ಣಿಗೆ, ಅವನದು ಇವನ ಕಣ್ಣಿಗೆ. ಗಿರಾಕಿಗಳು ಮಾತ್ರ ಮೊದಲಿನಷ್ಟೇ.

“ಈಗೇನು ಚಿಕ್ಕಪ್ಪ?” ಅಂದೆ.

“ಈಗ ಯಾರೂ ಅಲ್ಲಾಡಂಗಿಲ್ಲ. ಅಲ್ಲಾಡಿದೋನು ಕೆಟ್ಟ!” ಅಂತ ಕಣ್ಣೊರೆಸಿಕೊಂಡು ಕೆಮ್ಮಿದ.

ಜಾಗದ ಯುದ್ಧ ನಿಂತಮೇಲೆ ಚಟ್ನಿ ಯುದ್ಧ ಶುರು. ಅವನು ಒಂದು ಸೌಟು ಹಾಕಿದರೆ ಇವನು ಎರಡು. ಜನ ಒಂದೇ ಒಂದು ಬೋಂಡ ಕೊಂಡು ಚಟ್ನಿಯಲ್ಲೇ ಹೊಟ್ಟೆ ತುಂಬಿಸಿಕೊಳ್ಳತೊಡಗಿದರು. ಒಬ್ಬ ಮಹರಾಯ ಮನೆಯಿಂದ ಚೊಂಬನ್ನೇ ತಂದ! ಆ ದಿನ ಚಿಕ್ಕಪ್ಪ ಜಾಲರಿ ಸೌಟಿನಿಂದ ಬಾಣಲೆಯ ಅಂಚಿಗೆ ಟಣ್ ಟಣ್ ಅಂತ ಕುಟ್ಟಿದ. ಹಿಂದಿನಿಂದಲೂ ಟಣ್ ಟಣ್ ಅಂತು. ಅವತ್ತಿನಿಂದ ಎರಡೂ ಕಡೆ ಚಟ್ನಿ ಅರ್ಧ ಸೌಟು. ಮಾತಿಲ್ಲ ಕತೆಯಿಲ್ಲ, ಒಪ್ಪಂದ ಮುಗಿದೇಹೋಯಿತು!

ಒಂದು ಸಂತೆ ದಿನ ಎದುರಿನೋನು ಬರಲಿಲ್ಲ. ಹೊಟ್ಟೆಯ ಆಪರೇಷನ್ನಿಗೆ ತುಮಕೂರಿಗೆ ಸೇರಿಸಿದ್ದಾರೆ, ಬದುಕುವುದೇ ಕಷ್ಟ ಅಂತ ಸುದ್ದಿ. ಚಿಕ್ಕಪ್ಪನ ಬೋಂಡ ಮಧ್ಯಾಹ್ನಕ್ಕೆಲ್ಲ ಖಾಲಿ. ಇನ್ನೇನು, ರಾಜ್ಯ ಗೆದ್ದಂತೆ! ಆದರೆ ಅವನು ಹರಳೆಣ್ಣೆ ಕುಡಿದವನ ಹಾಗೆ ಕೂತಿದ್ದ.

ನಮ್ಮ ಸಂತೆಯದೊಂದು ಕಟ್ಟಳೆಯಿತ್ತು. ಮೂರು ಸಂತೆ ಒಲೆ ಹೊತ್ತದಿದ್ದರೆ ಆ ಜಾಗ ಬೇರೆಯವರಿಗೆ. ಶಿರಾ ಕಡೆಯವನೊಬ್ಬ ಆಗಲೇ ಬಂದು ಎದುರಿನೋನ ಜಾಗವನ್ನು ಹೆಜ್ಜೆಯಲ್ಲಿ ಅಳೆದು ಹೋಗಿದ್ದ.

ಮುಂದಿನ ಸಂತೆಗೆ ಹೋದರೆ ಎರಡೂ ಒಲೆ ಉರಿಯುತ್ತಿವೆ! ಚಿಕ್ಕಪ್ಪ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಓಡುತ್ತಿದ್ದಾನೆ. ಈ ಕಡೆ ನಿಂತು “ಬಿಸಿ ಬಿಸಿ ಬೋಂಡ!” ಅನ್ನುವುದು, ಆ ಕಡೆ ಹೋಗಿ “ಅಲ್ಲಿದು ಆರೋಗೈತೆ, ಇಲ್ಲಿಗ್ ಬನ್ರಪ್ಪೋ!” ಅನ್ನುವುದು. ಎದುರಿನೋನ ಬೆಳ್ಳುಳ್ಳಿ ಚಟ್ನಿಯೂ ಅಚ್ಚು ಅವನದೇ ರುಚಿ. ಆ ಒಲೆಯ ದುಡ್ಡು ಅವನ ಹೆಂಡತಿಯ ಸೆರಗಿಗೆ ಹೋಗುತ್ತಿತ್ತು.

“ಇದ್ಯಾವ ಗೇಮು ಚಿಕ್ಕಪ್ಪ?”

“ಲೇ, ಹೊಸಬ ಬಂದ್ರೆ ಅವನ ತಲೇಲಿ ಏನೈತೆ ಅಂತ ಹೆಂಗ್ಲಾ ತಿಳಿಯೋದು? ಇವನ್ನ ಓದ್ಕೊಳ್ಳಾಕೇ ಅರ್ಧ ಆಯುಸ್ಸು ಹೋಗೈತೆ!” ಅಂತ ರೇಗಿದ.

ಎದುರಿನೋನು ಬದುಕಿದ. ಹೆಂಡತಿಯ ತೋಳು ಹಿಡಿದುಕೊಂಡು, ಹೊಟ್ಟೆಗೆ ಟವೆಲ್ ಸುತ್ತಿಕೊಂಡು ಒಂದು ದಿನ ಸಂತೆಗೆ ಬಂದ. ತನ್ನ ಒಲೆಯ ಬೋಂಡ ಮುರಿದು ತಿಂದ. ಚಿಕ್ಕಪ್ಪನ ಒಲೆಯದನ್ನೂ ತಿಂದ. ಎಷ್ಟೋ ವರ್ಷದ ಮೇಲೆ ಮೊದಲ ಮಾತಾಡಿದ.

“ನಿಂದ್ರಲ್ಲಿ ಉಪ್ಪೇ ಇಲ್ವಲ್ಲಪ್ಪ?”

“ನಿಂದಕ್ಕೆ ಹಾಕೋ ಗ್ಯಾನದಲ್ಲಿ ನಂದಕ್ಕೆ ಮರ್ತೋಯ್ತದೆ ಕಣಯ್ಯ” ಅಂದ ಚಿಕ್ಕಪ್ಪ. “ಜನ ಎಲ್ಲಾ ನಿನ್ ಕಡೀಕೇ ಹೋಗ್ತಾವ್ರೆ. ಆಸ್ಪತ್ರೇಲಿ ಮಲೀಕಂಡೇ ನನ್ನ ಸೋಲಿಸ್ಬುಟ್ಟೆ!”

ಎದುರಿನೋನು ಹೊಲಿಗೆ ಬಿಟ್ಟುಹೋದೀತೆಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ತನ್ನ ಒಲೆಯ ಮುಂದೆ ಮೆಲ್ಲಗೆ ಕೂತು, ಸೌಟು ತಗೊಂಡು ಬಾಣಲೆಗೆ ಟಣ್ ಟಣ್ ಅಂತ ಕುಟ್ಟಿದ.

ಚಿಕ್ಕಪ್ಪ ತಿರುಗಿ ಕುಟ್ಟಲು ಸೌಟೆತ್ತಿದ, ಆಗಲಿಲ್ಲ. ಅಷ್ಟು ಜನರ ಮುಂದೆ ಮಗುವಿನ ಹಾಗೆ ಅತ್ತುಬಿಟ್ಟ. ಅವನ ಕೈಯಿಂದ ಸೌಟು ತಗೊಂಡು ನಾನೇ ಕುಟ್ಟಿದೆ.