ಕತ್ತು ಮುರಿದ ನವಿಲುಗಳು

ನನ್ನ ಅಕ್ಕನ ಮಗ ಯಾವುದಾದರೂ ಕೆಲಸವನ್ನು ಒಂದೇ ಸಲ ಮಾಡಿ ಮುಗಿಸಿದ್ದನ್ನು ಕಂಡವರು ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗೆ ಒಬ್ಬರಾದರೂ ಇದ್ದರೆ, ಅವರಿಗೆ ನಾನೇ ಶಾಲು ಹೊದಿಸುತ್ತೇನೆ! ಅವನು ಎಲ್ಲವನ್ನೂ ಮೂರು ಸಲ ಮಾಡುತ್ತಿದ್ದ. ಏಕೆಂದರೆ ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಗಳು ಅವನಿಗೆ ಮೂರು ಬರುತ್ತಿದ್ದವು: ಪರ್ಲ್, ಪೈಥಾನ್, ಆಕ್. ದಿನನಿತ್ಯದ ಕೆಲಸಕ್ಕೆ ಮೂರರಲ್ಲಿ ಯಾವುದು ಮೇಲು ಎಂದು ಪತ್ತೆಹಚ್ಚಲೆಂದೇ ಹುಟ್ಟಿದವನಂತಿದ್ದ. ಹೈಸ್ಕೂಲಿಗೇ ಓದು ಮುಗಿಸಿದ ನನಗೆ ಇದೆಲ್ಲ ಹೇಗೆ ಗೊತ್ತು ಅಂತೀರಾ? ಬಸ್ಸಿನಲ್ಲಿ ಅವನ ಪಕ್ಕದ ಸೀಟಿನಲ್ಲಿ ಕೂತು ರಾಂಪುರಕ್ಕೆ ಹೋಗಿಬಂದಿದ್ದರೆ ನಿಮಗೂ ಗೊತ್ತಾಗುತ್ತಿತ್ತು!

ಅವನ ತಂಗಿಯ ಮದುವೆಗೆ ನೆಂಟರ ಹೆಸರುಗಳನ್ನು ಊರುವಾರು ಜೋಡಿಸಿಕೊಡು ಎಂದು ಅಕ್ಕ ಹೇಳಿದ್ದಳು. ಎಂಟು ದಿನವಾದರೂ ಪಟ್ಟಿ ಬರಲಿಲ್ಲ.

"ಪರ್ಲಲ್ಲಿ ನಾಲ್ಕೇ ಸಾಲಿಗೆ ಮುಗೀತೈತೆ ಅವ್ವ. ಆದ್ರೆ ತಿಂಗ್ಳು ಬಿಟ್ಟು ನೋಡಿದ್ರೆ ಬರೆದೋನಿಗೇ ತಿಳಿಯಲ್ಲ. ಪೈಥಾನ್ ಓದಾಕೆ ಚಂದ, ಸಾಲಿನ ಮುಂದೆ ಜಾಗ ಬಿಡೋದು ಒಂಚೂರು ತಪ್ಪಿದ್ರೆ ಮುನಿಸ್ಕಂಡು ಕೂರ್ತೈತೆ. ಆಕ್ ಪಾಪ, ಪಟ್ಟಿ ಕೆಲ್ಸ ಬಿಟ್ರೆ ಬೇರೇನೂ ಕೇಳಬಾರ್ದು."

"ಮೂರರಾಗೆ ಯಾವುದನ್ನಾದ್ರೂ ಕಟ್ಕಂಡ್ಬಿಡಪ್ಪ, ಇದೇ ಚಪ್ಪರದಾಗೆ ನಿಂದೂ ಮುಗೀಲಿ!" ಎಂದಳು ಅಕ್ಕ.

ನಾನೂ ನಕ್ಕೆ. ನಗುವ ಯೋಗ್ಯತೆ ನನಗಿರಲಿಲ್ಲ. ಅದನ್ನು ಹೇಳಿಕೊಳ್ಳಲೆಂದೇ ಈ ವಯಸ್ಸಿನಲ್ಲಿ ಪೆನ್ನು ಹಿಡಿದಿದ್ದೇನೆ.

ಮೊಳಕಾಲ್ಮೂರಿನ ಸಾಹುಕಾರರೊಬ್ಬರ ರೇಷ್ಮೆ ಮಗ್ಗಗಳಿಗೆ ನಾನು ರಟ್ಟು ಹೊಡೆಯುತ್ತಿದ್ದೆ. ಸೀರೆಯಲ್ಲಿ ಚಿತ್ರ ಮೂಡಬೇಕಾದರೆ ರಟ್ಟಿನ ಪಟ್ಟಿಗಳಲ್ಲಿ ತೂತು ಹೊಡೆದು ಮಗ್ಗದ ಮೇಲೆ ಏರಿಸಬೇಕು. ಎಷ್ಟನೆಯ ಮನೆಯಲ್ಲಿ ತೂತು ಬೀಳಬೇಕೆಂದು ಚೌಕದ ಹಾಳೆ ನೋಡಿ ಎಣಿಸೆಣಿಸಿ ನನ್ನ ಕಣ್ಣು ಸೋತಿದ್ದವು. ಅವನು ಕಂಪ್ಯೂಟರಿನಿಂದ ಆ ಅಂಕಿಗಳನ್ನು ಅಚ್ಚು ಹಾಕಿಸಿ ತಂದ. ಒಂದು ಕಟ್ಟು ಸಾಕಲ್ಲವೇ? ಭಾಷೆಗೊಂದರಂತೆ ಮೂರು ಕಟ್ಟು ತಂದ!

"ಮಾವ, ಕಟ್ಟು ಬೆರೆಸಬ್ಯಾಡ್ರಿ. ಮೊದಲ್ನೇ ಮನೇನ ಆಕ್ ಒಂದು ಅಂತೈತೆ, ಪೈಥಾನ್ ಸೊನ್ನೆ ಅಂತೈತೆ. ಪೈಥಾನ್ ಕಟ್ಟು ಹಿಡಿದ್ರೆ ಒಂದೊಂದು ಕೂಡಿಸ್ಕಂಡು ಹೊಡೀರಿ."

"ಕೂಡಿಸೇ ತರಬಾರದೇನಲೇ?"

"ಹಂಗೆ ಮಾಡಿದ್ರೆ ಹೋಲಿಕೆಗೆ ನ್ಯಾಯ ಆಗಲ್ಲ ಮಾವ!"

ಸಾಹುಕಾರರ ಮಗಳ ಮದುವೆ ಸೀರೆ. ಆಕ್ ಕಟ್ಟು ಹಿಡಿದು ರಟ್ಟು ಹೊಡೆಯುತ್ತಿದ್ದೆ. ಒಂದು ಹಾಳೆಯ ಮೇಲೆ ಚಹಾ ಚೆಲ್ಲಿತು. ಪೈಥಾನ್ ಕಟ್ಟಿನಿಂದ ಅದೇ ಹಾಳೆ ಎಳೆದುಕೊಂಡೆ. ಒಂದು ಕೂಡಿಸುವುದನ್ನು ಮರೆತೆ. ಅದು ನವಿಲಿನ ಕತ್ತಿನ ಹಾಳೆ! ಮಗ್ಗದಲ್ಲಿ ಸೀರೆಯ ಮೈ ಕೆಳಮುಖವಾಗಿದ್ದುದರಿಂದ ನೇಯುವವನಿಗೂ ಕಾಣಲಿಲ್ಲ. ಇಳಿಸಿ ಹರಡಿದಾಗ ಸೆರಗಿನ ನವಿಲುಗಳೆಲ್ಲ ಕತ್ತು ಮುರಿದುಕೊಂಡು ನಿಂತಿದ್ದವು. ಬೀಗರು ಅಪಶಕುನವೆಂದು ಮುಖ ತಿರುಗಿಸಿ ಹೋದರು.

"ಯಾರ ಕೆಲಸ ಇದು?" ಸಾಹುಕಾರರು ಗುಡುಗಿದರು.

"ಇವನ ಕಂಪ್ಯೂಟರಿಂದು ಸ್ವಾಮಿ," ಎಂದು ಪಕ್ಕದಲ್ಲೇ ನಿಂತಿದ್ದ ಅಕ್ಕನ ಮಗನನ್ನು ತೋರಿಸಿಬಿಟ್ಟೆ. ಎಷ್ಟು ಸಲೀಸಾಗಿ ಬಂತು ನೋಡಿ ಆ ಮಾತು!

ಅವನು ಸೆರಗನ್ನು ನೋಡಿದ. ನನ್ನ ಮುಖ ನೋಡಿದ. ಎಲ್ಲರೆದುರು ಕೆನ್ನೆಗೆ ಸಾಹುಕಾರರ ಏಟು ಬಿದ್ದಾಗಲೂ ಸುಮ್ಮನಿದ್ದ. ಮೂರು ಭಾಷೆ ಹೋಲಿಸಿ ಗಂಟೆಗಟ್ಟಲೆ ಮಾತಾಡುವವನು!

ಆಮೇಲೆ ಯಾವ ಮಗ್ಗದ ಮನೆಯವರೂ ಅವನಿಗೆ ಒಂದು ಚಿತ್ರವನ್ನೂ ಕೊಡಲಿಲ್ಲ. ಕಂಪ್ಯೂಟರ್ ಮಾರಿ ಚಳ್ಳಕೆರೆಯಲ್ಲಿ ಶೇಂಗಾ ಸುಲಿಯುವ ಮಿಲ್ಲಿಗೆ ಸೇರಿದ. ಸಿಪ್ಪೆಯ ದೂಳು ವರ್ಷಗಟ್ಟಲೆ ಎದೆಗಿಳಿಯಿತು. ನಾನು ಮಾತ್ರ ರಟ್ಟು ಹೊಡೆಯುತ್ತಲೇ ಇದ್ದೆ.

ಅವನು ಹಾಸಿಗೆ ಹಿಡಿದ ಮೇಲೆ ಹೋದೆ. ಕಾಲ ಬಳಿ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ.

"ಗೊತ್ತು ಮಾವ," ಎಂದ. "ಕತ್ತು ಸರಿಯಾಗಿ ಒಂದೇ ಮನೆ ಸರಿದಿತ್ತಲ್ಲ. ಅವತ್ತೇ ತಿಳೀತು."

"ಮತ್ತೆ ಯಾಕಲೇ ಬಾಯಿ ಬಿಡಲಿಲ್ಲ?"

ಕೆಮ್ಮು ನಿಲ್ಲುವವರೆಗೆ ಕಾದೆ.

"ನಂಗೆ ಮೂರು ಬರ್ತಿದ್ವು," ಎಂದ. "ನಿಮಗೆ ಅದೊಂದೇ ಕೆಲಸ ಅಲ್ಲೇನ್ರಿ ಬರ್ತಿದ್ದುದು?"

ಆಮೇಲೆ ನನ್ನ ಕೈ ಹಿಡಿದು, ನೆಲದಿಂದ ಎಬ್ಬಿಸಿ, ಮಂಚದ ಮೇಲೆ ತನ್ನ ಪಕ್ಕ ಕೂರಿಸಿಕೊಂಡ.